ತೋಳಿನ ಪಟ್ಟಿ, ಭುಜದ ಬಿಲ್ಲೆ: ಯುದ್ಧಕಾಲದ ಮನೆಫೋಟೊಗಳನ್ನು ಓದುವ ಬಗೆ

ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಮನೆಯ ಪಡಸಾಲೆ. ತೊಲೆಯ ಕೆಳಗೆ ಸಾಲಾಗಿ ಮುಂದಕ್ಕೆ ಬಾಗಿ ನಿಂತ ಫೋಟೊಗಳು: ದೇವರು, ಮಠದ ಸ್ವಾಮಿಗಳು, ಮದುವೆಯ ಜೋಡಿ, ನಡುವೆ ಒಬ್ಬ ಸೈನಿಕ. ಗಾಜಿನ ಒಳಬದಿಗೆ ತೇವ ತಾಗಿ ಚಿತ್ರದ ಒಂದು ಮೂಲೆ ಹಳದಿಯಾಗಿತ್ತು. ಮನೆಯ ಯಜಮಾನರು ಅದನ್ನು ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ನನ್ನ ಕೈಗಿತ್ತರು. "ನಮ್ಮ ಅಜ್ಜಾರು ಮಿಲಿಟರಿಯೊಳಗ ಕ್ಯಾಪ್ಟನ್ ಇದ್ರು ನೋಡ್ರಿ. ಮೂರು ಪಟ್ಟಿ ಐತಲ್ಲ, ಅದs ಗುರ್ತು."

ಮೂರು ಪಟ್ಟಿ ಇದ್ದದ್ದು ನಿಜ. ಭೂತಗನ್ನಡಿ ಹಿಡಿದು ನೋಡಿದಾಗ ಬಲತೋಳಿನ ಮೇಲುಭಾಗದಲ್ಲಿ ತಲೆಕೆಳಗಾದ ಗೋಪುರದಂಥ ಮೂರು ಗೆರೆಗಳು ಸ್ಪಷ್ಟವಾಗಿ ಕಂಡವು. ಅವುಗಳ ಮೇಲೆ, ಹೆಗಲಿಗೆ ಹತ್ತಿರವಾಗಿ, ಒಂದು ಚಿಕ್ಕ ಬಟ್ಟೆಯ ಚೌಕ. ಅದರೊಳಗೆ ಏನೋ ಗಿಡದಂಥ ಆಕೃತಿ. ಸೊಂಟಕ್ಕೇ ಮುಗಿಯುವ ದಪ್ಪ ಉಣ್ಣೆಯ ಮೇಲಂಗಿ, ತಲೆಗೆ ಓರೆ ಟೋಪಿ. ಎದೆಯ ಮೇಲೆ ಪದಕವಿಲ್ಲ, ರಿಬ್ಬನ್ನೂ ಇಲ್ಲ. ಇಷ್ಟನ್ನು ಒಂದೊಂದಾಗಿ ಓದುತ್ತ ಹೋದರೆ ಆ ಅಜ್ಜನ ಬದುಕಿನ ಒಂದು ವರ್ಷ, ಒಂದು ದೇಶ, ಒಂದು ಪಲ್ಟಣ ನಮ್ಮೆದುರು ಬಂದು ನಿಲ್ಲುತ್ತದೆ. ಕ್ಯಾಪ್ಟನ್ ಮಾತ್ರ ನಿಲ್ಲುವುದಿಲ್ಲ.

ಇಂಥ ಫೋಟೊಗಳು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿವೆ. ಅವುಗಳನ್ನು ತೋರಿಸಿ "ಇವರು ಇಂಥವರು" ಎಂದು ಹೇಳಬಲ್ಲ ತಲೆಮಾರು ಮರೆಯಾಗುತ್ತಿದೆ. ಉಳಿದಿರುವುದು ಬಟ್ಟೆ, ಹಿತ್ತಾಳೆ, ದಾರದಲ್ಲಿ ಬರೆದ ಸಾಕ್ಷ್ಯ. ಅದನ್ನು ಎಷ್ಟರಮಟ್ಟಿಗೆ ಓದಬಹುದು, ಎಲ್ಲಿ ಎಡವುತ್ತೇವೆ, ಯಾವುದನ್ನು ನಂಬಬೇಕು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಎಷ್ಟು ಜನ, ಎಲ್ಲೆಲ್ಲಿಗೆ

ಮೊದಲ ಮಹಾಯುದ್ಧದಲ್ಲಿ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಕಡಲಾಚೆಗೆ ಹೋದರು. ಎರಡನೆಯ ಮಹಾಯುದ್ಧ ಶುರುವಾದಾಗ ಸುಮಾರು 2 ಲಕ್ಷದಷ್ಟಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತ್ತು. ಇವರಲ್ಲಿ ಬಂದೂಕು ಹಿಡಿದವರಷ್ಟೇ ಇರಲಿಲ್ಲ. ಲಾರಿ ಓಡಿಸಿದವರು, ಹೇಸರಗತ್ತೆ ನಡೆಸಿದವರು, ಸೇತುವೆ ಕಟ್ಟಿದವರು, ಗಾಯಾಳುಗಳನ್ನು ಹೊತ್ತವರು, ಅಡುಗೆ ಮಾಡಿದವರು, ನೀರು ಹೊತ್ತವರು ಎಲ್ಲರೂ ಸಮವಸ್ತ್ರ ತೊಟ್ಟೇ ಫೋಟೊ ತೆಗೆಸಿಕೊಂಡು ಊರಿಗೆ ಕಳಿಸಿದ್ದಾರೆ.

ನಮ್ಮ ನಾಡಿಗೆ ಈ ಕಥೆಯ ಎಳೆಗಳು ಹಲವು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೊರಟು ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಆ ದಳದ ಸ್ಮಾರಕವಿದೆ. ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆ ಬೆಂಗಳೂರಿನ ದಂಡು. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಪಲ್ಟಣ ಬೆಳಗಾವಿಯಲ್ಲಿ. ಕೊಡಗಿನ ಮಾತಂತೂ ಹೇಳಬೇಕಿಲ್ಲ. ಎರಡನೆಯ ಯುದ್ಧದ ನಡುವೆ, 1942ರಲ್ಲಿ, ಕೂರ್ಗ್ ಹೆಸರಿನದೇ ಒಂದು ಪಲ್ಟಣ ಎದ್ದಿತು. 1946ರಲ್ಲಿ ಅದು ಫಿರಂಗಿಪಡೆಯ ಭಾಗವಾಗಿ 37ನೇ ಆ್ಯಂಟಿ ಟ್ಯಾಂಕ್ ರೆಜಿಮೆಂಟ್ ಆಯಿತು. ಮೈಸೂರು ಸಂಸ್ಥಾನದ ಒಂದು ಪಲ್ಟಣ ಮಲಯಾಕ್ಕೆ ಹೋಗಿ 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾಯಿತು.

ಆದ್ದರಿಂದ ಮೈಸೂರು ಸೀಮೆಯ ಮನೆಯಲ್ಲಿ ಪ್ಯಾಲೆಸ್ಟೈನಿನ ಫೋಟೊ, ಬೈಲಹೊಂಗಲದ ಕಡೆ ಇಟಲಿಯ ಫೋಟೊ, ಮಡಿಕೇರಿಯಲ್ಲಿ ಬರ್ಮಾದ ಫೋಟೊ ಸಿಕ್ಕರೆ ಅಚ್ಚರಿ ಬೇಡ.

ಬಿಲ್ಲೆಗೆ ಮುನ್ನ ಕಾಗದ

ಎಲ್ಲರೂ ಮಾಡುವ ಮೊದಲ ತಪ್ಪೆಂದರೆ ನೇರವಾಗಿ ಬಿಲ್ಲೆಯ ಮೇಲೆ ಕಣ್ಣಿಡುವುದು. ಮಸುಕಾದ ಹಿತ್ತಾಳೆಯ ತುಂಡು ನಾವು ಬಯಸಿದ ಯಾವ ರೂಪವನ್ನಾದರೂ ತಾಳಬಲ್ಲದು. ಮೊದಲು ನೋಡಬೇಕಾದ್ದು ಫೋಟೊವನ್ನೇ, ಒಂದು ವಸ್ತುವಾಗಿ. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರವೇ, ಪೋಸ್ಟ್‌ಕಾರ್ಡ್ ಅಳತೆಯದೇ? ಹಿಂಬದಿಯಲ್ಲಿ ವಿಳಾಸದ ಗೆರೆಗಳಿವೆಯೇ? ಕೆಳಮೂಲೆಯಲ್ಲಿ ಸ್ಟುಡಿಯೊದ ಉಬ್ಬು ಮುದ್ರೆ ಇದೆಯೇ? ಈ ಮುದ್ರೆ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಫೋಟೊದ ಪಕ್ಕದಿಂದ ಅಡ್ಡಡ್ಡವಾಗಿ ಹಿಡಿದರೆ ಅಕ್ಷರಗಳು ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ಊರಿನ ಹೆಸರೊಂದು ಸಿಕ್ಕರೆ ಅರ್ಧ ದಾರಿ ಸಾಗಿದಂತೆ.

ಎರಡನೆಯದು, ಚಿತ್ರ ತಿರುವುಮುರುವಾಗಿದೆಯೇ ಎಂಬ ಪರೀಕ್ಷೆ. ನೆಗೆಟಿವ್ ತಿರುಗಿಸಿ ಮುದ್ರಿಸಿದರೆ ಎಡ ಬಲವಾಗುತ್ತದೆ. ಗಂಡಸರ ಅಂಗಿಯಲ್ಲಿ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬಂದು ಗುಂಡಿ ಕೂರುತ್ತದೆ. ತಮ್ಮ ಸ್ವಂತ ಪದಕಗಳನ್ನು ಸೈನಿಕರು ಎಡ ಎದೆಗೆ ಧರಿಸುತ್ತಾರೆ. ಎರಡೂ ಅದಲುಬದಲಾಗಿದ್ದರೆ ಚಿತ್ರವೇ ತಿರುಗಿದೆ. ಗುಂಡಿ ಸರಿಯಾಗಿದ್ದು ಪದಕ ಮಾತ್ರ ಬಲ ಎದೆಯಲ್ಲಿದ್ದರೆ ಅದು ಬೇರೆ ಸಂಗತಿ: ತೀರಿಕೊಂಡ ತಂದೆಯದೋ ಅಣ್ಣನದೋ ಪದಕವನ್ನು ಮನೆಯವರು ಬಲಬದಿಗೆ ಧರಿಸುವ ಪದ್ಧತಿಯಿದೆ.

ಮೂರನೆಯದು ಬಣ್ಣದ ಮೋಸ. ಕಪ್ಪು-ಬಿಳುಪು ಚಿತ್ರದಲ್ಲಿ ಗಾಢ ಬಣ್ಣ ಕಪ್ಪಾಗಿಯೂ ತಿಳಿಬಣ್ಣ ಬೆಳ್ಳಗೂ ಕಾಣುತ್ತದೆಂದು ನಾವು ನಂಬಿದ್ದೇವೆ. ಹಳೆಯ ಕಾಲದ ಆರ್ಥೊಕ್ರೊಮ್ಯಾಟಿಕ್ ಗಾಜುಫಲಕ ಮತ್ತು ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತು, ನೀಲಿ ಬಹುಮಟ್ಟಿಗೆ ಬೆಳ್ಳಗಾಗುತ್ತಿತ್ತು, ಹಳದಿಯೂ ಕಂದುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಮುಂದೆ ಬಳಕೆಗೆ ಬಂದರೂ ಹಳೆಯ ಬಗೆಯದು ಬಹುಕಾಲ ಜೊತೆಗೇ ಉಳಿಯಿತು. ಹೀಗಾಗಿ ಕಪ್ಪು ಪೇಟ ಎಂದುಕೊಂಡದ್ದು ಕೆಂಪಿನದಾಗಿರಬಹುದು, ಬಿಳಿ ಪಟ್ಟಿ ಎಂದುಕೊಂಡದ್ದು ನೀಲಿಯದಾಗಿರಬಹುದು. ರಿಬ್ಬನ್ನಿನ ಬಣ್ಣವನ್ನು ಫೋಟೊದಿಂದ ಹೇಳುವವರು ಮೊದಲು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ನಂಬಬಹುದಾದ್ದು ಗೆರೆಗಳ ಸಂಖ್ಯೆ, ಅಗಲ ಮತ್ತು ಜೋಡಣೆ.

ತಲೆಯಿಂದ ಕಾಲಿಗೆ

ಇನ್ನು ಉಡುಪು. ಮೊದಲ ಮಹಾಯುದ್ಧದ ಭಾರತೀಯ ಸಿಪಾಯಿಯ ಮೇಲಂಗಿ ಕುರ್ತಾದಂತೆ ಉದ್ದ. ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿದ ಬಟ್ಟೆಯ ಕಾಲುಪಟ್ಟಿ. ಸಾಮಾನ್ಯವಾಗಿ ತೊಗಲಿನ ಪಟ್ಟಿ, ತೋಟಾಚೀಲ. ಎರಡನೆಯ ಯುದ್ಧಕ್ಕೆ ಬಂದರೆ ತೊಗಲಿನ ಬದಲು ನೇಯ್ದ ಹತ್ತಿಪಟ್ಟಿಯ ಸರಂಜಾಮು. ಮರುಭೂಮಿಯಲ್ಲಿ ಚಡ್ಡಿ ಮತ್ತು ತೆಳು ಅಂಗಿ, ಇಟಲಿಯ ಚಳಿಯಲ್ಲಿ ಸೊಂಟದವರೆಗಿನ ಉಣ್ಣೆಯ ಬ್ಯಾಟಲ್‌ಡ್ರೆಸ್, ಬರ್ಮಾದ ಕಾಡಿನಲ್ಲಿ ಯುದ್ಧದ ಉತ್ತರಾರ್ಧದಲ್ಲಿ ಖಾಕಿಯ ಬದಲು ಕಡುಹಸಿರು. ಬಟ್ಟೆ ಹೀಗೆ ಕಾಲವನ್ನೂ ಹವೆಯನ್ನೂ ಒಟ್ಟಿಗೆ ಹೇಳುತ್ತದೆ.

ಪೇಟ ಅದಕ್ಕಿಂತ ಹೆಚ್ಚು ಹೇಳುತ್ತದೆ. ಬ್ರಿಟಿಷರ ಸೇನೆಯಲ್ಲಿ ಪೇಟ ಸುತ್ತುವ ರೀತಿ ರೆಜಿಮೆಂಟಿಗೆ ತಕ್ಕಂತೆ, ಒಂದೇ ರೆಜಿಮೆಂಟಿನೊಳಗೆ ಸಮುದಾಯಕ್ಕೆ ತಕ್ಕಂತೆ ಬೇರೆಯಾಗುತ್ತಿತ್ತು. ನಡುವೆ ಚೂಪಾದ ಕುಲ್ಲಾ ಇಟ್ಟು ಸುತ್ತಿದ್ದು ಪಂಜಾಬಿ ಮುಸ್ಲಿಮರಲ್ಲೂ ಪಠಾಣರಲ್ಲೂ ಸಾಮಾನ್ಯ. ಮದ್ರಾಸ್ ಸ್ಯಾಪರ್‌ಗಳದು ಮತ್ತೂ ಬೇರೆ: ಬಟ್ಟೆ ಸುತ್ತಿ ಎತ್ತರಿಸಿದ 'ದುಪ್ಟಾ' ಎಂಬ ಶಿರಸ್ತ್ರಾಣ. 'ತಂಬಿ'ಗಳೆಂದೇ ಹೆಸರಾದ ಈ ಪಡೆಯ ಹಳೆಯ ಚಿತ್ರಗಳನ್ನು ದೂರದಿಂದಲೇ ಗುರುತಿಸುವುದು ಈ ತಲೆಯುಡುಗೆಯಿಂದ. ಮನೆಯ ಫೋಟೊದಲ್ಲಿ ಬಿಲ್ಲೆ ಅಳಿಸಿಹೋಗಿದ್ದರೂ ತಲೆಯುಡುಗೆಯ ಆಕಾರ ಉಳಿದಿರುತ್ತದೆ. ಅದರಿಂದ ಶುರುಮಾಡುವುದು ಜಾಣತನ.

ಭುಜದ ಬಿಲ್ಲೆ

ಸೈನಿಕನ ಭುಜಪಟ್ಟಿಯ ತುದಿಯಲ್ಲಿ ಬಾಗಿದ ಹಿತ್ತಾಳೆಯ ಅಕ್ಷರಗಳಿದ್ದರೆ ಅದು ಅವನ ಪಡೆಯ ಹೆಸರು. ಇದೇ ಎಲ್ಲಕ್ಕಿಂತ ಬೆಲೆಬಾಳುವ ಸುಳಿವು. ಇಂಗ್ಲಿಷ್ ಅಕ್ಷರ ಓದಬಲ್ಲ ಯಾರಾದರೂ ಹಿಡಿಯಬಹುದಾದ ಸುಳಿವು ಕೂಡ. ಹೆಸರಿನ ಹಿಂದೆ ಇತಿಹಾಸವಿರುತ್ತದೆ. 'ಆರ್.ಐ.ಎ.ಎಸ್.ಸಿ.' ಎಂದಿದ್ದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್: ಸಾಗಾಟ, ಸರಬರಾಜು, ಲಾರಿ, ಹೇಸರಗತ್ತೆಗಳ ಪಡೆ. ಆ 'ರಾಯಲ್' ಸೇರಿದ್ದು 1935ರಲ್ಲಿ. ಆದ್ದರಿಂದ ಫೋಟೊ ಅದಕ್ಕಿಂತ ಹಿಂದಿನದಲ್ಲ. 'ಐ.ಎ.ಎಂ.ಸಿ.' ಎಂದಿದ್ದರೆ 1943ರಲ್ಲಿ ರೂಪುಗೊಂಡ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್. ಮೂರು ನಾಲ್ಕು ಅಕ್ಷರ ಓದಿದರೆ ಕಾಲದ ಒಂದು ಎಲ್ಲೆ ಸಿಕ್ಕಿತು.

ಅಂಕಿಯೂ ಹಾಗೆಯೇ. 1903ರ ಸುತ್ತಿನಲ್ಲಿ ಕಾಲಾಳು ಪಲ್ಟಣಗಳಿಗೆ ಒಂದೇ ಸಾಲಿನ ಸಂಖ್ಯೆ ಕೊಟ್ಟಿದ್ದರು: 61, 88, 114 ಹೀಗೆ. 1922ರಲ್ಲಿ ಹಳೆಯ ಪಲ್ಟಣಗಳನ್ನು ಕೂಡಿಸಿ ದೊಡ್ಡ ರೆಜಿಮೆಂಟುಗಳನ್ನು ಮಾಡಿದಾಗ ಕಾಲಾಳುಪಡೆಯ ಸಂಖ್ಯೆ 1ರಿಂದ 20ರೊಳಗೆ ಇಳಿಯಿತು. ಕಾಲಾಳಿನ ಭುಜದಲ್ಲಿ ಇಪ್ಪತ್ತನ್ನು ಬಹಳ ಮೀರಿದ ಅಂಕಿ ಕಂಡರೆ ಚಿತ್ರ 1922ಕ್ಕೆ ಹಿಂದಿನದೆಂದು ಧೈರ್ಯವಾಗಿ ಹೇಳಬಹುದು.

ನಮ್ಮವರು ಹೆಚ್ಚು ಎಡವುವುದು ಹೆಸರನ್ನು ಊರಿನ ಹೆಸರೆಂದು ಓದಿ. ಕೊಡಂದೇರ ಕಾರ್ಯಪ್ಪನವರು 1919ರಲ್ಲಿ ಅಧಿಕಾರಿಯಾಗಿ ಸೇರಿದ ಪಲ್ಟಣ 88ನೇ ಕರ್ನಾಟಿಕ್ ಇನ್‌ಫೆಂಟ್ರಿ. ಆ 'ಕರ್ನಾಟಿಕ್' ನಮ್ಮ ಕರ್ನಾಟಕವಲ್ಲ. ಬ್ರಿಟಿಷರು ಮದ್ರಾಸಿನ ಸುತ್ತಲ ಸೀಮೆಗೆ ಇಟ್ಟ ಹೆಸರು. ಆ ಪಲ್ಟಣ 1922ರ ಬಳಿಕ ಮದ್ರಾಸ್ ರೆಜಿಮೆಂಟಿನ ಭಾಗವಾಯಿತು. ಜನರಲ್ ತಿಮ್ಮಯ್ಯನವರು ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟ್. ಹೈದರಾಬಾದ್ ನಿಜಾಮರ ಕಾಲದ ದಂಡಿನಿಂದ ಬಂದ ಹೆಸರದು. ಅದರಲ್ಲಿದ್ದ ಸಿಪಾಯಿಗಳು ಬಹುಪಾಲು ಕುಮಾವೂಂ ಬೆಟ್ಟಗಳವರು, ಜಾಟರು, ಅಹೀರರು. 1945ರಲ್ಲಿ ಅದೇ ಕುಮಾವೂಂ ರೆಜಿಮೆಂಟ್ ಆಯಿತು. ಭುಜದ ಹೆಸರು ಪಡೆಯ ವಂಶಾವಳಿಯನ್ನು ಹೇಳುತ್ತದೆ, ತೊಟ್ಟವನ ಊರನ್ನಲ್ಲ.

ಗಂಡಭೇರುಂಡ ಇನ್ನೊಂದು ಸ್ವಾರಸ್ಯದ ವಿಷಯ. ಮೈಸೂರು ಸಂಸ್ಥಾನದ ಪಡೆಗಳ ಲಾಂಛನ ಅದೇ. ಎರಡು ತಲೆಯ ಹಕ್ಕಿ ರಷ್ಯದ ಜಾರ್ ದೊರೆಗಳದೂ ಹೌದು, ಆಸ್ಟ್ರಿಯದ ಚಕ್ರವರ್ತಿಗಳದೂ ಹೌದು. ಅಂತರ್ಜಾಲದಲ್ಲಿ ಚಿತ್ರ ಹುಡುಕಿದರೆ ಯುರೋಪಿನ ಹದ್ದೇ ಮೊದಲು ಸಿಗುತ್ತದೆ. ಪೇಟ ತೊಟ್ಟ ಸವಾರನ ಗುಂಡಿಯಲ್ಲಿ ಎರಡು ತಲೆಯ ಹಕ್ಕಿ ಕಂಡರೆ ನಾವು ಮೊದಲು ನೆನೆಯಬೇಕಾದ್ದು ಮೈಸೂರನ್ನು. ಆ ಅಶ್ವದಳ ಸ್ವಾತಂತ್ರ್ಯಾನಂತರ 61ನೇ ಅಶ್ವದಳದಲ್ಲೂ, ಮೈಸೂರಿನ ಕಾಲಾಳುಪಡೆ ಮದ್ರಾಸ್ ರೆಜಿಮೆಂಟಿನಲ್ಲೂ ಸೇರಿಹೋದವು.

ಭುಜದ ಮೇಲೆ ಹೆಸರಿನ ಜೊತೆ ನಕ್ಷತ್ರವಿದ್ದರೆ ದರ್ಜೆಯ ಪ್ರಶ್ನೆ ಬರುತ್ತದೆ. ಲೆಫ್ಟಿನೆಂಟಿಗೆ ಎರಡು, ಕ್ಯಾಪ್ಟನ್ನಿಗೆ ಮೂರು ನಕ್ಷತ್ರ. ಮೇಜರನಿಗೆ ಅಂದು ಕಿರೀಟ, ಗಣರಾಜ್ಯವಾದ ಮೇಲೆ ಅಶೋಕನ ಸಿಂಹ. ಒಂದು ನಕ್ಷತ್ರವನ್ನು ಸೆಕೆಂಡ್ ಲೆಫ್ಟಿನೆಂಟನೂ ಧರಿಸುತ್ತಿದ್ದ, ಜಮಾದಾರನೂ ಧರಿಸುತ್ತಿದ್ದ, ಸುಬೇದಾರನಿಗೆ ಎರಡು. ಜಮಾದಾರ, ಸುಬೇದಾರರು ವೈಸರಾಯ್ ಕಮಿಷನ್ ಪಡೆದ ಅಧಿಕಾರಿಗಳು; ಸಿಪಾಯಿಯಾಗಿ ಸೇರಿ ಹದಿನೈದಿಪ್ಪತ್ತು ವರ್ಷ ಸವೆಸಿ ಮೇಲೆ ಬಂದವರು. ಒಂದು ನಕ್ಷತ್ರದ ಫೋಟೊದಲ್ಲಿ ಮೀಸೆ ನರೆತ, ಪೇಟ ತೊಟ್ಟ ಮನುಷ್ಯನಿದ್ದರೆ ಅವನು ಜಮಾದಾರ್ ಎನ್ನುವುದೇ ಹೆಚ್ಚು ಸಂಭವ. ಎರಡೂ ಗೌರವದ ಸ್ಥಾನಗಳೇ, ಆದರೆ ಬದುಕಿನ ದಾರಿ ಬೇರೆ ಬೇರೆ. ಜಮಾದಾರ್ ದರ್ಜೆಗೆ 1965ರಲ್ಲಿ ನಾಯಬ್ ಸುಬೇದಾರ್ ಎಂಬ ಹೆಸರು ಬಂತು. ಆದ್ದರಿಂದ ಹಳೆಯ ಪಿಂಚಣಿ ಪುಸ್ತಕದಲ್ಲಿ 'ಜಮಾದಾರ್' ಎಂಬ ಪದ ಕಂಡು ಮೊಮ್ಮಕ್ಕಳು ಗಲಿಬಿಲಿಗೊಳ್ಳಬೇಕಿಲ್ಲ.

ಕಿರೀಟದ ಆಕಾರ, ಅದರ ಕೆಳಗಿನ ಅಕ್ಷರಗಳೂ ಕಾಲಸೂಚಿಗಳು. 'ವಿ.ಆರ್.ಐ.' ವಿಕ್ಟೋರಿಯಾ ರಾಣಿಯ ಕಾಲ. 'ಇ.ಆರ್.ಐ.' ಏಳನೇ ಎಡ್ವರ್ಡ್, ಅಂದರೆ 1901ರಿಂದ 1910. 'ಜಿ.ಆರ್.ಐ.' ಎಂದರೆ ಜಾರ್ಜ್. ಐದನೆಯವನೋ ಆರನೆಯವನೋ ಎಂಬುದನ್ನು ನಡುವಿನ ರೋಮನ್ ಅಂಕಿ ಹೇಳುತ್ತದೆ.

ತೋಳಿನ ಪಟ್ಟಿ

ಬೆಳಗಾವಿಯ ಮನೆಯ ಫೋಟೊಗೆ ಈಗ ಮರಳೋಣ. ಮೇಲುತೋಳಿನಲ್ಲಿ ಚೂಪು ಕೆಳಗಾಗಿರುವ ಗೆರೆಗಳು ದರ್ಜೆಯ ಗುರುತು: ಒಂದಿದ್ದರೆ ಲಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಅಶ್ವದಳದಲ್ಲಾದರೆ ಮೂರು ಗೆರೆಯವನು ದಫೇದಾರ್. ಮೂರರ ಮೇಲೆ ಕಿರೀಟವಿದ್ದರೆ ಉಗ್ರಾಣದ ಹೊಣೆ ಹೊತ್ತ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ನಮ್ಮ ಅಜ್ಜ ಹವಾಲ್ದಾರ್. ಕ್ಯಾಪ್ಟನ್ನಿನ ಮೂರು ಭುಜದ ಮೇಲಿನ ನಕ್ಷತ್ರ. ಹವಾಲ್ದಾರನ ಮೂರು ತೋಳಿನ ಗೆರೆ. 'ಮೂರು' ಎಂಬ ಮಾತು ಮಾತ್ರ ಮನೆಯ ನೆನಪಿನಲ್ಲಿ ಉಳಿದು, ಕಾಲ ಕಳೆದಂತೆ ತೋಳಿನಿಂದ ಭುಜಕ್ಕೆ ಏರಿತ್ತು.

ಮುಂಗೈಯ ಗೆರೆಗಳದು ಬೇರೆ ಲೆಕ್ಕ. ಎಡ ಮುಂಗೈಯಲ್ಲಿ ಚೂಪು ಮೇಲಾಗಿರುವ ಗೆರೆಗಳು ಸನ್ನಡತೆಗೆ ಕೊಟ್ಟವು. ಸಾಮಾನ್ಯ ಸಿಪಾಯಿಯೂ ಧರಿಸಬಹುದು. 1918ರ ಆಚೀಚಿನ ಚಿತ್ರದಲ್ಲಿ ಬಲ ಮುಂಗೈಯ ಪುಟ್ಟ ಗೆರೆಗಳು ಕಡಲಾಚೆಯ ಸೇವೆಯ ವರ್ಷಗಳನ್ನು ಎಣಿಸುತ್ತವೆ. ಎಡ ತೋಳಿನ ಕೆಳಭಾಗದಲ್ಲಿ ನೆಟ್ಟಗೆ ನಿಂತ ಸಣ್ಣ ಹಿತ್ತಾಳೆ ಕಡ್ಡಿ ಕಂಡರೆ ಅಲ್ಲಿ ಸ್ವಲ್ಪ ನಿಲ್ಲಬೇಕು. ಅದು ಗಾಯದ ಗುರುತು, 1916ರಲ್ಲಿ ಜಾರಿಗೆ ಬಂದದ್ದು. ಎಷ್ಟು ಕಡ್ಡಿಯೋ ಅಷ್ಟು ಸಲ ಆ ಮನುಷ್ಯ ಗಾಯಗೊಂಡಿದ್ದ. ಊರಿಗೆ ಕಳಿಸಿದ ಕಾಗದದಲ್ಲಿ "ಕ್ಷೇಮ" ಎಂದೇ ಬರೆಸಿರಬಹುದಾದ ಗಾಯಗಳು ಅವು.

ಎರಡನೆಯ ಯುದ್ಧದ ಚಿತ್ರಗಳಲ್ಲಿ ತೋಳಿನ ಮೇಲ್ತುದಿಯ ಬಟ್ಟೆಯ ತುಂಡು ಡಿವಿಷನ್ನಿನ ಗುರುತು. ಇಂಗ್ಲಿಷ್ ಬಾರದವರಿಗೂ ತಿಳಿಯಲೆಂದು ಇವನ್ನು ಚಿತ್ರರೂಪದಲ್ಲೇ ಮಾಡಿದಂತಿದೆ. 4ನೇ ಡಿವಿಷನ್ನಿಗೆ ಕೆಂಪು ಹದ್ದು, 5ನೆಯದಕ್ಕೆ ಕಪ್ಪು ನೆಲದ ಮೇಲೆ ಕೆಂಪು ಚೆಂಡು, 7ನೆಯದಕ್ಕೆ ಬಂಗಾರದ ಬಾಣ, 17ನೆಯದಕ್ಕೆ ಕಪ್ಪು ಬೆಕ್ಕು, 19ನೆಯದಕ್ಕೆ ಕಠಾರಿ ಹಿಡಿದ ಕೈ, 23ನೆಯದಕ್ಕೆ ಹುಂಜ, 25ನೆಯದಕ್ಕೆ ಇಸ್ಪೀಟಿನ ಕಪ್ಪು ಎಕ್ಕ, 26ನೆಯದಕ್ಕೆ ಹುಲಿ. ಬೆಕ್ಕು, ಕಠಾರಿ, ಹುಂಜ, ಎಕ್ಕ, ಹುಲಿ ಬರ್ಮಾ ರಂಗದವು. ಹದ್ದು ಆಫ್ರಿಕ ಮತ್ತು ಇಟಲಿಯದು. 5ನೆಯ ಡಿವಿಷನ್ ಆಫ್ರಿಕದಲ್ಲೂ ಬರ್ಮಾದಲ್ಲೂ ಕಾದಿತು. ಫಿಲ್ಮಿನ ಮಾತು ಇಲ್ಲಿ ಮತ್ತೆ ನೆನಪಾಗಬೇಕು: 5ನೆಯ ಡಿವಿಷನ್ನಿನ ಕೆಂಪು ಚೆಂಡು ಅದರ ಕಪ್ಪು ನೆಲದಲ್ಲೇ ಕರಗಿ, ಬರೀ ಕಪ್ಪು ಚೌಕವಾಗಿ ಕಾಣಬಹುದು.

ಹಳ್ಳಿಮನೆಯ ಅಜ್ಜನ ತೋಳಿನಲ್ಲಿದ್ದದ್ದು ಕ್ಲೋವರ್ ಗಿಡ, 8ನೇ ಭಾರತೀಯ ಡಿವಿಷನ್ನಿನ ಗುರುತು. ಆ ಡಿವಿಷನ್ ಇಟಲಿಯಲ್ಲಿ ಯುದ್ಧ ಮುಗಿಯುವವರೆಗೂ ಕಾದಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಪಲ್ಟಣ ಅದರಲ್ಲಿತ್ತು. 1945ರ ಏಪ್ರಿಲಿನಲ್ಲಿ ಸೆನಿಯೊ ನದಿಯ ದಂಡೆಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ನಾಮದೇವ್ ಜಾಧವ್ ಆ ಪಲ್ಟಣದವರೇ. ಉಣ್ಣೆಯ ಬ್ಯಾಟಲ್‌ಡ್ರೆಸ್, ಕ್ಲೋವರ್ ಗುರುತು, ಬೆಳಗಾವಿಯ ಹಿನ್ನೆಲೆ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಎದೆಯ ಮೇಲೆ, ಡಬ್ಬಿಯ ಒಳಗೆ

ಅಜ್ಜನ ಎದೆ ಬರಿದಾಗಿದ್ದುದೂ ಒಂದು ಸಾಕ್ಷ್ಯ. ಎರಡನೆಯ ಯುದ್ಧ ನಡೆಯುತ್ತಿದ್ದಾಗಲೇ ಕೈಗೆ ಬಂದ ಸೇವಾ ರಿಬ್ಬನ್ನುಗಳು ಕೆಲವೇ. ಆಫ್ರಿಕಾ ಸ್ಟಾರ್‌ನದು 1943ರಲ್ಲಿ ಬಂತು. ಇಟಲಿ ಸ್ಟಾರ್, ಬರ್ಮಾ ಸ್ಟಾರ್ ಮೊದಲಾದವು ಘೋಷಣೆಯಾದದ್ದು 1945ರಲ್ಲಿ, ಲೋಹದ ಪದಕಗಳು ಕೈಸೇರಿದ್ದು ಅದಕ್ಕೂ ನಂತರ. ಹೀಗಾಗಿ ಪೂರ್ಣ ಪದಕಗಳ ಸಾಲು ತೊಟ್ಟ ಫೋಟೊ ಯುದ್ಧರಂಗದ್ದಲ್ಲ. ಊರಿಗೆ ಮರಳಿದ ಮೇಲೆ, ಪೇಟೆಯ ಸ್ಟುಡಿಯೊದಲ್ಲಿ ತೆಗೆಸಿದ್ದು.

ಫೋಟೊ ಮೌನವಾದಲ್ಲಿ ಟ್ರಂಕಿನೊಳಗಿನ ಡಬ್ಬಿ ಮಾತಾಡುತ್ತದೆ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಕೆತ್ತಿರುತ್ತದೆ, ನಕ್ಷತ್ರಾಕಾರದವಾದರೆ ಹಿಂಬದಿಯಲ್ಲಿ. ಎರಡನೆಯ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸೇವಾ ಪದಕಗಳ ಮೇಲೆ ಹೆಸರಿರಲಿಲ್ಲ. ಭಾರತೀಯರಿಗೆ ಕೊಟ್ಟವುಗಳ ಮೇಲೆ ಹೆಸರು ಮೂಡಿಸುವ ರೂಢಿಯಿತ್ತು. ನಮ್ಮ ಮಟ್ಟಿಗೆ ಇದು ದೊಡ್ಡ ಭಾಗ್ಯ. ಹಬ್ಬದ ದಿನ ಹುಣಸೆಹಣ್ಣು, ಬೂದಿ ಹಚ್ಚಿ ಪದಕ ಉಜ್ಜುವ ಮನೆಗಳನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಉಜ್ಜುತ್ತಾರೆ, ಆದರೆ ಅಂಚಿನ ಅಕ್ಷರಗಳು ಪ್ರತಿ ಸಲ ಒಂದಿಷ್ಟು ಸವೆಯುತ್ತವೆ. ದಯವಿಟ್ಟು ಉಜ್ಜಬೇಡಿ; ಒಣಬಟ್ಟೆಯಿಂದ ಒರೆಸಿದರೆ ಸಾಕು.

ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು. ಅದೇ ಪದಕ ಕಂಚಿನಲ್ಲಿ ಸಿಕ್ಕರೆ ನಕಲೆಂದು ಎಸೆಯಬಾರದು. ಕೂಲಿದಳಗಳಲ್ಲಿ ದುಡಿದವರಿಗೆ ಕೊಟ್ಟದ್ದು ಕಂಚಿನದು. ಹಡಗಿನಲ್ಲಿ ಮೆಸಪೊಟೇಮಿಯಾಕ್ಕೋ ಫ್ರಾನ್ಸಿಗೋ ಹೋಗಿ ರಸ್ತೆ ಹಾಸಿದ, ಮೂಟೆ ಹೊತ್ತ ಮನುಷ್ಯನ ಸಾಕ್ಷಿ ಅದು. ಅಂಥವರ ಫೋಟೊಗಳು ಮೊದಲೇ ಅಪರೂಪ. ಪದಕವನ್ನೂ ಕಳೆದುಕೊಂಡರೆ ಅವರಿದ್ದರು ಎಂಬುದಕ್ಕೇ ಗುರುತು ಉಳಿಯದು.

ಸೈನಿಕನಂತೆ ಕಾಣುವವರು, ಸೈನಿಕರೆಂದು ಕಾಣದವರು

ಖಾಕಿ ತೊಟ್ಟವರೆಲ್ಲ ಸೈನಿಕರಲ್ಲ. ಪೊಲೀಸರು, ಅರಣ್ಯ ಕಾವಲುಗಾರರು, ರೈಲ್ವೆಯವರು, ಸ್ಕೌಟ್ ಮಾಸ್ತರರು, ವಾಯುದಾಳಿಯ ಮುನ್ನೆಚ್ಚರಿಕೆಗೆ ನಿಂತ ಸ್ವಯಂಸೇವಕರು ಎಲ್ಲರೂ ಅದೇ ಬಟ್ಟೆಯವರು. ಅದರ ಮೇಲೆ ನಮ್ಮ ಕಚೇರಿ-ನ್ಯಾಯಾಲಯಗಳ ದಫೇದಾರರೂ ಜಮಾದಾರರೂ ಇದ್ದಾರೆ: ಪೇಟ, ಅಡ್ಡಪಟ್ಟಿ, ಎದೆಯಲ್ಲಿ ಹೊಳೆಯುವ ಹಿತ್ತಾಳೆ ಬಿಲ್ಲೆ. 'ಮುತ್ತಾತ ದಫೇದಾರರಾಗಿದ್ದರು' ಎಂಬ ಮನೆಮಾತು ಅಶ್ವದಳವನ್ನೂ ಸೂಚಿಸಬಹುದು, ಅಮಲ್ದಾರರ ಕಚೇರಿಯನ್ನೂ ಸೂಚಿಸಬಹುದು. ಬಿಲ್ಲೆಯ ಮೇಲೆ ಇಲಾಖೆಯ ಹೆಸರಿದ್ದರೆ ಅದು ಕಚೇರಿಯದು.

ಕೊಡಗಿನಲ್ಲಿ ಮತ್ತೊಂದು ಎಚ್ಚರ ಬೇಕು. ಕುಪ್ಯ ತೊಟ್ಟು, ಸೊಂಟದ ಚೇಲೆಯಲ್ಲಿ ಪೀಚೆಕತ್ತಿ ಸಿಕ್ಕಿಸಿ, ಕೈಯಲ್ಲಿ ಕೋವಿ ಹಿಡಿದ ಚಿತ್ರ ಸೈನ್ಯದ್ದಾಗಬೇಕಿಲ್ಲ. ಕೊಡವರಿಗೆ ಆಯುಧ ಕಾಯ್ದೆಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದೆ. ಕೋವಿ ಮನೆಯ ಗೌರವದ ಭಾಗ. ಕುಪ್ಯದ ಮೇಲೆ ಪದಕಗಳಿದ್ದರೆ ಆಗ ಪದಕವನ್ನು ಓದಬೇಕು, ಕೋವಿಯನ್ನಲ್ಲ.

ಇದರ ಮತ್ತೊಂದು ಮಗ್ಗುಲು, ಸೇನೆಯಲ್ಲಿದ್ದೂ ನಮ್ಮ ಕಣ್ಣಿಗೆ ಹಾಗೆ ಕಾಣದವರು. 1942ರಲ್ಲಿ ಆರಂಭವಾದ ಮಹಿಳಾ ಸಹಾಯಕ ದಳದಲ್ಲಿ ಹೆಣ್ಣುಮಕ್ಕಳು ಖಾಕಿ ಸೀರೆಯುಟ್ಟು, ಭುಜಕ್ಕೆ ದರ್ಜೆಯ ಗುರುತು ಹಚ್ಚಿ ಕೆಲಸ ಮಾಡಿದರು. ಕಪ್ಪು-ಬಿಳುಪಿನಲ್ಲಿ ಅದು ಬರೀ ಸೀರೆಯುಟ್ಟ ತರುಣಿಯ ಚಿತ್ರ. "ಅಜ್ಜಿ ಮದುವೆಗೆ ಮುಂಚೆ" ಎಂದು ಆಲ್ಬಮ್ಮಿನಲ್ಲಿ ಕೂತಿರುವ ಚಿತ್ರದ ರವಿಕೆಯ ಭುಜವನ್ನು ಒಮ್ಮೆ ನೋಡಿ.

ಆಜಾದ್ ಹಿಂದ್ ಫೌಜ್ ಸೇರಿದವರದು ಇನ್ನೂ ಸಂಕೀರ್ಣವಾದ ಕಥೆ. ಸಿಂಗಪುರದಲ್ಲಿ ಸೆರೆಯಾದ ಅನೇಕರು ನೇತಾಜಿಯವರ ಸೇನೆ ಸೇರಿದರು. ಜರ್ಮನಿಯಲ್ಲಿದ್ದ ಭಾರತೀಯ ದಳದವರ ತೋಳಿನಲ್ಲಿ ಕೇಸರಿ-ಬಿಳಿ-ಹಸಿರಿನ ನಡುವೆ ನೆಗೆಯುವ ಹುಲಿಯ ಗುರುತಿತ್ತು. ಒಬ್ಬನೇ ಮನುಷ್ಯನಿಗೆ ಎರಡು ಸಮವಸ್ತ್ರ, ಎರಡು ನಿಷ್ಠೆ ಇದ್ದಿರಬಹುದು. ಮನೆಯಲ್ಲಿ ಒಂದೇ ಫೋಟೊ ಉಳಿದಿದ್ದರೆ ಅದು ಅರ್ಧ ಕಥೆ ಎಂಬ ಅರಿವು ನಮಗಿರಲಿ.

ದಾಖಲೆಗಳು, ಯಂತ್ರಗಳು

ಫೋಟೊದಿಂದ ಪಡೆಯ ಹೆಸರು, ಪದಕದಿಂದ ಸಂಖ್ಯೆ ಸಿಕ್ಕ ಮೇಲೆ ದಾಖಲೆಗಳ ಕಡೆ ಹೋಗಬಹುದು. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಕಾಪಾಡಿದೆ. ಫ್ರಾನ್ಸಿನ ನವ್ ಶಾಪೆಲ್, ಇರಾಕಿನ ಬಸ್ರಾ, ಮ್ಯಾನ್ಮಾರಿನ ತಾಕ್ಯಾನ್ ಸ್ಮಾರಕಗಳಲ್ಲಿ ಸ್ಮರಿಸಲಾದವರ ಹೆಸರುಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಬದುಕಿ ಮರಳಿದವರಿಗೆ ಅಂಥ ಒಂದೇ ಪಟ್ಟಿ ಇಲ್ಲ. ಅವರಿಗೆ ರೆಜಿಮೆಂಟ್ ಕೇಂದ್ರಗಳ ದಾಖಲೆ ಕಚೇರಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಎಲ್ಲಕ್ಕಿಂತ ಮೊದಲು ಮನೆಯ ಪಿಂಚಣಿ ಪುಸ್ತಕ ಮತ್ತು ಡಿಸ್ಚಾರ್ಜ್ ಸರ್ಟಿಫಿಕೇಟೇ ದಾರಿ. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಗುರುತುಗಳನ್ನು ಕಣ್ಣಾರೆ ಹೋಲಿಸಿ ನೋಡಲು ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಂಥ ಜಾಗಗಳಿವೆ.

ಇತ್ತೀಚಿನ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ಹಳೆಯ ಫೋಟೊಗೆ ಬಣ್ಣ ತುಂಬುವ, ಮಸುಕನ್ನು ತಿಳಿಯಾಗಿಸುವ ಆ್ಯಪ್‌ಗಳು ಈಗ ಎಲ್ಲರ ಫೋನಿನಲ್ಲಿವೆ. ಅವು ಇಲ್ಲದ ವಿವರವನ್ನು ತಾವೇ ಊಹಿಸಿ ಬಿಡಿಸುತ್ತವೆ. ಮಬ್ಬಾದ ಕಹಳೆಯ ಬಿಲ್ಲೆ ಹೂವಾಗಬಹುದು, ರಿಬ್ಬನ್ನಿಗೆ ಯಾವುದೋ ಬಣ್ಣ ಬರಬಹುದು. ಮುಖ ಚೆಲುವಾಗಿ ಕಂಡಿತೆಂದು ಆ ಪ್ರತಿಯನ್ನೇ ಮನೆಮಂದಿಗೆಲ್ಲ ಹಂಚಿದರೆ ಮುಂದಿನ ತಲೆಮಾರು ಓದುವುದು ಯಂತ್ರದ ಊಹೆಯನ್ನು. ಮೂಲವನ್ನು ಯಾವ ತಿದ್ದುಪಡಿಯೂ ಇಲ್ಲದೆ, ಮುಂದೆ-ಹಿಂದೆ ಎರಡೂ ಬದಿ, 600 ಡಿಪಿಐಗಿಂತ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿ ಇಡುವುದು ಮೊದಲ ಕೆಲಸ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕಿತ್ತು ತೆಗೆಯಬಾರದು; ಗಾಜಿನ ಸಮೇತ ಸ್ಕ್ಯಾನ್ ಮಾಡಬಹುದು.

ಏನು ಬರೆಯಬೇಕು

ಇಷ್ಟೆಲ್ಲ ಓದಿದ ಮೇಲೂ ಬಿಲ್ಲೆ ಹೇಳುವುದು ಪಡೆ, ದರ್ಜೆ, ಕಾಲ, ರಂಗ. ಆ ಮನುಷ್ಯ ಯಾಕೆ ಹೋದ, ಬರ ಅಟ್ಟಿತೋ ಸಾಲ ಅಟ್ಟಿತೋ ಹಂಬಲ ಕರೆಯಿತೋ ಎಂಬುದನ್ನು ಮನೆಯ ಮಾತು ಮಾತ್ರ ಹೇಳಬಲ್ಲದು. ಎರಡೂ ಬೇಕು, ಒಂದು ಇನ್ನೊಂದನ್ನು ತಿದ್ದಬೇಕು. ನನಗೆ ಮನವರಿಕೆಯಾಗಿರುವುದು ಇಷ್ಟು: ಹಿರಿಯರ ದರ್ಜೆಯನ್ನು ಏರಿಸಿ ಹೇಳುವ ಪ್ರೀತಿ ಅವರ ನಿಜವಾದ ದುಡಿಮೆಯನ್ನು ಮರೆಸಿಬಿಡುತ್ತದೆ. ಲಾರಿ ಓಡಿಸಿದವನನ್ನು ಕರ್ನಲ್ ಮಾಡಿದರೆ, ಹಿಮಾಲಯದ ತಪ್ಪಲಲ್ಲೋ ಲಿಬಿಯಾದ ಮರಳಲ್ಲೋ ಅವನು ಓಡಿಸಿದ ಲಾರಿ ಕಥೆಯಿಂದ ಬಿದ್ದುಹೋಗುತ್ತದೆ.

ಆ ಮಧ್ಯಾಹ್ನ ಬೆಳಗಾವಿಯ ಮನೆಯಲ್ಲಿ ಹವಾಲ್ದಾರ್ ಎಂಬ ಮಾತನ್ನು ಹೇಳಲು ನಾನು ಹಿಂಜರಿದೆ. ಹೇಳಿದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತರಿಸಿದರು. ಪದಕದ ಅಂಚಿನಲ್ಲಿ, ಉಜ್ಜಿ ಉಜ್ಜಿ ಸವೆದಿದ್ದರೂ, ದರ್ಜೆಯ ಮೂರಕ್ಷರ ಮತ್ತು ಮರಾಠಾ ಎಂಬುದು ಇನ್ನೂ ಓದಲು ಬರುತ್ತಿತ್ತು. "ಹವಾಲ್ದಾರ್ ಅಂದ್ರ ಎಷ್ಟು ಮಂದಿ ಇರ್ತಿದ್ರು ಕೈಕೆಳಗ?" ಎಂದು ಕೇಳಿದರು. ಮೂವತ್ತರ ಆಸುಪಾಸಿನ ಒಂದು ತುಕಡಿಯಲ್ಲಿ ಜಮಾದಾರನಿಗೆ ಬಲಗೈಯಾಗಿ ನಿಲ್ಲುವವನು ಹವಾಲ್ದಾರ್ ಎಂದೆ. "ಅಷ್ಟೂ ಮಂದೀನ ಅಷ್ಟು ದೂರ ನಡಸ್ಯಾರಲ್ಲ" ಎಂದರು.

ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಎರಡು ಸಾಲು ಬರೆದೆವು. ಮೊದಲ ಸಾಲಿನಲ್ಲಿ ಖಚಿತವಾದದ್ದು: ಅಜ್ಜನ ಹೆಸರು, ಹವಾಲ್ದಾರ್, 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ, 8ನೇ ಡಿವಿಷನ್. ಎರಡನೆಯ ಸಾಲು "ಬಹುಶಃ" ಎಂದು ಶುರುವಾಗುತ್ತದೆ: 1ನೇ ಪಲ್ಟಣ, ಇಟಲಿ, 1944 ಅಥವಾ 45ರ ಚಳಿಗಾಲ. ಅದರ ಪಕ್ಕ ಒಂದಿಷ್ಟು ಜಾಗ ಬಿಟ್ಟಿದ್ದೇವೆ, ಮುಂದೆ ಯಾರಿಗಾದರೂ ಇನ್ನೂ ಸರಿಯಾದದ್ದು ಗೊತ್ತಾದರೆ ಬರೆಯಲೆಂದು.